ಅಕ್ಕನ ಎರಡು ಗಂಟೆ

ಫೆಬ್ರವರಿ 10, ಸೋಮವಾರ

ಇವತ್ತೂ ನೂರು ಬರಲಿಲ್ಲ. 96.8.

ರಿಫೈನರಿಯಿಂದ ಕರಿ ಎಣ್ಣೆಯ ಡಬ್ಬ ಎಂಟಕ್ಕೇ ಲ್ಯಾಬಿಗೆ ಬಂದಿತ್ತು. ಕಲ್ಲಿನ ಹಾಗೆ ಗಟ್ಟಿ. ಓವನ್‌ನಲ್ಲಿಟ್ಟು ಕರಗಿಸಿದೆ. ಒಂದು ಗ್ರಾಂ ತೂಗಿದೆ. ಹೆಪ್ಟೇನ್ ಎಂಬ ಸಾಲ್ವೆಂಟ್ ಹಾಕಿ ಒಂದು ಗಂಟೆ ಕುದಿಸುವುದು. ಕತ್ತಲೆ ಕಪಾಟಿನಲ್ಲಿ ಎರಡು ಗಂಟೆ ಇಡುವುದು. ಸೋಸುವುದು; ಪೇಪರಿನ ಮೇಲೆ ಉಳಿದ ಕಪ್ಪು ಒಂದು ಪಾಲು. ಸೋಸಿದ್ದನ್ನು ಬಿಳಿ ಪುಡಿ ತುಂಬಿದ ಗಾಜಿನ ಕಾಲಂಗೆ ಸುರಿದು ಉಳಿದ ಮೂರು ಪಾಲು ಇಳಿಸುವುದು. ಒಣಗಿಸುವುದು, ತೂಗುವುದು. ಇಪ್ಪತ್ತೊಂದು ವರ್ಷದಿಂದ ಇದೇ — ಕಣ್ಣು ಕಟ್ಟಿ ಬಿಟ್ಟರೂ ಮಾಡಿಯೇನು.

ಕೊನೆಗೆ ನಾಲ್ಕು ಪಾಲು ಕೂಡಿಸಿದರೆ ನೂರು ಬರಬೇಕು. ಮೂರು ಚಿಲ್ಲರೆ ಎಲ್ಲಿ ಹೋಯಿತು? ಪಕ್ಕದ ಮೇಜಿನ ಗೊಣಗಣ್ಣನನ್ನು ಕೇಳಿದೆ. ಹದಿನಾರು ವರ್ಷದಿಂದ ಜೊತೆಗಿದ್ದಾನೆ, ಒಂದು ದಿನ ಗೊಣಗದೆ ಉತ್ತರ ಕೊಟ್ಟವನಲ್ಲ.

“ಆವಿಯಾಗಿ ಹೋಗಿರುತ್ತೆ ಬಿಡಿ ಅಕ್ಕ. ಕಂಪ್ಯೂಟರ್‌ಗೆ ಹಾಕಿ, ಅದೇ ಸರಿ ಮಾಡ್ಕೊಳ್ಳುತ್ತೆ. ಇಲ್ಲದ ತಲೆನೋವು ನಮಗ್ಯಾಕೆ?”

ಹಾಕಿದೆ. ಕೊರತೆಯನ್ನು ನಾಲ್ಕಕ್ಕೂ ಹಂಚಿ ಲಕ್ಷಣವಾಗಿ ನೂರು ಮಾಡಿಕೊಟ್ಟಿತು. ಸಹಿ ಹಾಕಿದೆ.

ಆದರೆ ಏನು ಆವಿಯಾಗುತ್ತದೆ? ಪೆಟ್ರೋಲು, ಡೀಸೆಲ್ಲು ಎಲ್ಲ ಹಾರಿಹೋದ ಮೇಲೂ ಹಾರದೆ ತಳದಲ್ಲಿ ಕೂತ ಮಾಲು ಇದು. ನನ್ನ ಬಿಸಿನೀರಿನ ತೊಟ್ಟಿಗೆ ಹೆದರಿ ಹಾರುತ್ತದೆಯೇ... ಇರಲಿ. ಸುಸ್ತು.

ಫೆಬ್ರವರಿ 12, ಬುಧವಾರ

ಮಗಳಿಗೆ ಸ್ಕೂಲಿನಲ್ಲಿ ‘ನಮ್ಮ ಮನೆಯವರ ಕೆಲಸ’ ಎಂದು ಒಂದು ಪುಟ ಬರೆಯಬೇಕಂತೆ. ಒಂಬತ್ತನೇ ಕ್ಲಾಸು. ಅಡುಗೆಮನೆ ಬಾಗಿಲಿಗೆ ಒರಗಿ ನಿಂತಳು.

“ಅಪ್ಪಂದು ಸುಲಭ. ರಿಫೈನರೀಲಿ ದೊಡ್ಡ ಒಲೆ ಕಾಯೋದು. ನಿಂದು ಏನಂತ ಬರೀಲಿ?”

“ಪಾಲು ಮಾಡಿಸೋದು ಅಂತ ಬರಿ. ಆ ಕರಿ ಎಣ್ಣೆ ಒಳಗೆ ನಾಲ್ಕು ಜನ ಒಂದೇ ಮನೇಲಿದ್ದಾರೆ. ಒಬ್ಬ ಮೇಣದ ಹಾಗೆ, ಬಣ್ಣಾನೇ ಇಲ್ಲ. ಇನ್ನೊಬ್ಬ ಹಳದಿ. ಮೂರನೆಯವಳು ರೆಸಿನ್, ಕಂದು, ಅಂಟು ಅಂಟು. ಕೊನೆಯವನು ಕಡು ಕಪ್ಪು — ಆಸ್ಫಾಲ್ಟೀನ್. ಅವನು ಯಾರ ಜೊತೆಗೂ ಬೆರೆಯೋನಲ್ಲ. ರೆಸಿನ್ ಅವನ ಕೈ ಹಿಡ್ಕೊಂಡು ತೇಲಿಸ್ಕೊಂಡಿರ್ತಾಳೆ. ಯಾರದು ಎಷ್ಟು ಅಂತ ತೂಗಿ ಹೇಳೋಳು ನಾನು.”

“ಅವಳು ಕೈ ಬಿಟ್ಟರೆ?”

“ಅವನು ತಳ ಹಿಡೀತಾನೆ. ಅಪ್ಪನ ಒಲೆ ಕೊಳವೆ ಒಳಗೆ ತಳ ಹಿಡಿದ್ರೆ ಸುಟ್ಟು ಇದ್ದಿಲಾಗ್ತಾನೆ. ಎಣ್ಣೆ ಸರಿಯಾಗಿ ಹರಿಯಲ್ಲ. ಕೊಳವೆ ಕೆಂಪಗೆ ಕಾಯುತ್ತೆ.”

“ಆಮೇಲೆ?”

“ಆಮೇಲೆ ಏನಿಲ್ಲ. ಹಾಗಾಗಬಾರದು ಅಂತ್ಲೇ ನಿಮ್ಮಮ್ಮನಿಗೆ ಕೆಲಸ ಕೊಟ್ಟಿರೋದು. ಹೋಗು, ತಲೆ ತಿನ್ನಬೇಡ.”

ಬರೆದದ್ದು ತೋರಿಸಿದಳು. ಕೊನೆಯ ಸಾಲು — ‘ನನ್ನ ಅಮ್ಮನ ತಲೆಗೂದಲಿಗೆ ಈಗತಾನೇ ಡಾಂಬರು ಹಾಕಿದ ರಸ್ತೆಯ ವಾಸನೆ ಇದೆ.’ ಕಳ್ಳಿ. ಇವರು ಊಟಕ್ಕೆ ಕೂತವರು ಬಿದ್ದು ಬಿದ್ದು ನಕ್ಕರು.

ನಕ್ಕು ಮುಗಿಸಿ ಇವರೇ ಇನ್ನೊಂದು ಮಾತು ಹೇಳಿದರು. ಫರ್ನೇಸಿನ ಕಿಂಡಿಯಲ್ಲಿ ಇಣುಕಿದಾಗ ಮೂರನೇ ಕೊಳವೆಯ ಮೇಲೆ ಅಂಗೈಯಗಲ ಕೆಂಪು ಕಂಡಿತಂತೆ. ಹೋದ ತಿಂಗಳು ಇರಲಿಲ್ಲವಂತೆ.

“ಕಂಟ್ರೋಲ್ ರೂಮಿನಲ್ಲಿ ಏನು ತೋರಿಸುತ್ತೆ?”

“ಎಲ್ಲ ಸರಿ ಅಂತ. ಅವರ ಮೀಟರು ಇರೋದು ಏಳನೇ ಕೊಳವೆ ಮೇಲೆ. ಮೂರನೇದಕ್ಕೆ ನನ್ನ ಕಣ್ಣೇ ಮೀಟರು.” ಹೆಮ್ಮೆ ಬೇರೆ.

ನನ್ನ ಕಡೆಯೂ ಅಂಥದ್ದೊಂದು ಗುರುತು ಇದೆ. ಕಾಲಂನ ನೆತ್ತಿಯಲ್ಲಿ, ಬಿಳಿ ಪುಡಿಯ ಮೇಲೆ, ಕಪ್ಪು ಉಂಗುರ. ಯಾವ ಸಾಲ್ವೆಂಟ್ ಸುರಿದರೂ ಕೆಳಗಿಳಿಯುವುದಿಲ್ಲ. ಪುಡಿ ಹಳೆಯದಿರಬೇಕು. ಹೊಸ ಡಬ್ಬ ಒಡೆಯಬೇಕು.

ಫೆಬ್ರವರಿ 17, ಸೋಮವಾರ

ಶುಕ್ರವಾರ ಮಧ್ಯಾಹ್ನ ಕರೆಂಟು ಹೋಗಿ ಕೆಲಸ ಅರ್ಧಕ್ಕೇ ನಿಂತಿತ್ತು. ಸೋಸಿದ ಫ್ಲಾಸ್ಕಿಗೆ ಬಿರಡೆ ಹಾಕಿ ಕಪಾಟಿನಲ್ಲಿಟ್ಟು ಮನೆಗೆ ಬಂದಿದ್ದೆ. ಯಾವತ್ತೂ ಹಾಗೆ ಬಿಡುವುದಿಲ್ಲ. ಸೋಸಿದ್ದು ಅವತ್ತೇ ಕಾಲಂಗೆ ಹೋಗುತ್ತದೆ.

ಇವತ್ತು ತೆಗೆದು ಬೆಳಕಿಗೆ ಹಿಡಿದೆ. ತಳದಲ್ಲಿ ಕಪ್ಪು.

ಅಲ್ಲಾಡಿಸಿದೆ. ಮೇಲೆದ್ದು ಸುತ್ತಿತು. ಮತ್ತೆ ನಿಧಾನಕ್ಕೆ ಕೂತಿತು. ನಾನೇ ಸೋಸಿದ್ದು. ನನ್ನ ಕೈಯಲ್ಲೇ. ಪೇಪರು ಎಲ್ಲೂ ಹರಿದಿರಲಿಲ್ಲ, ಎರಡೆರಡು ಸಲ ನೋಡಿದೆ.

ಗೊಣಗಣ್ಣ ಊಟಕ್ಕೆ ಹೋಗುವವರೆಗೆ ಕಾದೆ. ಯಾಕೆ ಕಾದೆ? ಗೊತ್ತಿಲ್ಲ. ಆಗಲೇ ಕಳ್ಳಿಯ ಬುದ್ಧಿ. ಅವನು ಹೋದ ಮೇಲೆ ಮತ್ತೆ ಸೋಸಿದೆ, ತೊಳೆದೆ, ಒಣಗಿಸಿದೆ, ತೂಗಿದೆ.

4.4.

ಅಂದರೆ ಸೋಸುವ ಹೊತ್ತಿಗೆ ಆಸ್ಫಾಲ್ಟೀನ್ ಪೂರ್ತಿ ಇಳಿದೇ ಇರಲಿಲ್ಲ. ಎರಡು ಗಂಟೆಯಲ್ಲಿ ಇಳಿದದ್ದು ಆರೂವರೆ. ಉಳಿದದ್ದು ಕಣ್ಣಿಗೆ ಕಾಣದಷ್ಟು ಸಣ್ಣಗಿದ್ದು ಪೇಪರು ದಾಟಿ ಹೋಗುತ್ತಿತ್ತು. ಸ್ವಲ್ಪ ರೆಸಿನ್ ಪಾಲಿಗೆ ಸೇರಿಕೊಳ್ಳುತ್ತಿತ್ತು. ಹೆಚ್ಚಿನದು ಕಾಲಂ ನೆತ್ತಿಯ ಮೇಲೆ ಉಂಗುರ ಹಾಕಿಕೊಂಡು ಕೂರುತ್ತಿತ್ತು. ಮೂರು ಚಿಲ್ಲರೆ ಎಲ್ಲಿ ಹೋಯಿತು, ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದೆನಲ್ಲ. ಮೂಗಿನ ಮುಂದೇ ಇತ್ತು.

ರಿಫೈನರಿಗೆ ಹೊಸ ಎಣ್ಣೆ ಬರಲು ಶುರುವಾಗಿ ನಾಲ್ಕು ತಿಂಗಳು. ಅಂದರೆ ನಾಲ್ಕು ತಿಂಗಳ ರಿಪೋರ್ಟೂ ತಪ್ಪು.

ಹೊಸ ಫ್ಲಾಸ್ಕಿಗೆ ಎಣ್ಣೆ ತೂಗಿ, ಕುದಿಸಿ, ಇಡೀ ರಾತ್ರಿಗೆ ಕಪಾಟಿನಲ್ಲಿಟ್ಟು ಬಂದೆ.

ಫೆಬ್ರವರಿ 18, ಮಂಗಳವಾರ

ಒಂದೇ ಡಬ್ಬದ ಎಣ್ಣೆ, ಎರಡು ಫ್ಲಾಸ್ಕು. ಒಂದಕ್ಕೆ ಎರಡು ಗಂಟೆ. ಇನ್ನೊಂದು ನಿನ್ನೆಯಿಂದ ಇವತ್ತಿನವರೆಗೆ.

ಎರಡು ಗಂಟೆಯದು 6.4. ಇಡೀ ರಾತ್ರಿಯದು 10.9.

ಲ್ಯಾಬಿನ ಲೆಡ್ಜರಿನಲ್ಲಿ ಬರೆಯಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ಪುಸ್ತಕದಲ್ಲಿ ಇದ್ದದ್ದು ಇಡೀ ರಾತ್ರಿ ಎಂದೇ. ಏಳು ವರ್ಷದ ಹಿಂದೆ ಅದನ್ನು ಎರಡು ಗಂಟೆಗೆ ಇಳಿಸಿದವಳು ನಾನು. ಸುಮ್ಮನೆ ಇಳಿಸಿದ್ದಲ್ಲ. ಆಗಿನ ಎಣ್ಣೆ, ಮೂವತ್ತು ಸ್ಯಾಂಪಲ್ಲು, ಎರಡೂ ರೀತಿ ಮಾಡಿ ತೋರಿಸಿದೆ — ದಶಮಾಂಶದ ಎರಡನೇ ಸ್ಥಾನದವರೆಗೂ ಒಂದೇ ಉತ್ತರ. ರಿಪೋರ್ಟು ಮರುದಿನದ ಬದಲು ಅವತ್ತೇ ಹೋಗತೊಡಗಿತು. ಚಪ್ಪಾಳೆ. ಗೋಡೆಗೆ ಫ್ರೇಮು. ಎಲ್ಲರ ಬಾಯಲ್ಲೂ ‘ಅಕ್ಕನ ಎರಡು ಗಂಟೆ’. ಹೊಸಬರಿಗೆ ಹೇಳಿಕೊಡುವಾಗಲೂ ಅದೇ ಹೆಸರು.

ಎಣ್ಣೆ ಬದಲಾಯಿತು. ಈ ಎಣ್ಣೆಯ ಆಸ್ಫಾಲ್ಟೀನ್ ಸೋಮಾರಿ, ನಿಧಾನಕ್ಕೆ ಇಳಿಯುವ ಜಾತಿ. ಒಂದೇ ಒಂದು ಸಲ ಮತ್ತೆ ಪರೀಕ್ಷೆ ಮಾಡಿದ್ದರೆ ಸಾಕಿತ್ತು. ಯಾರೂ ಮಾಡಲಿಲ್ಲ, ಯಾಕೆಂದರೆ ಅದು ಅಕ್ಕನದು. ಅಕ್ಕನೂ ಮಾಡಲಿಲ್ಲ, ಅದೂ ಅದೇ ಕಾರಣಕ್ಕೆ. ಥೂ.

ನನ್ನ ಅಂಕಿ ಎಂಟರೊಳಗಿದ್ದರೆ ಫರ್ನೇಸಿಗೆ ಪೂರ್ತಿ ಲೋಡು. ಎಂಟು ದಾಟಿದರೆ ಇಳಿಸಬೇಕು. ಹತ್ತು ದಾಟಿದರೆ ಈ ಎಣ್ಣೆಯನ್ನು ಬೇರೆಯದರ ಜೊತೆ ಬೆರೆಸದೆ ಕಾಯಿಸುವ ಹಾಗೇ ಇಲ್ಲ. ನಾಲ್ಕು ತಿಂಗಳಿಂದ ಪೂರ್ತಿ ಲೋಡು. ಕಿಂಡಿಯ ಮುಂದೆ ನಿಲ್ಲುವವರು ಇವರು.

ಮೂರನೇ ಸಲ ನೋಡಿಯೇ ಹೇಳೋಣ. ಎರಡು ಸಲ ಸಾಲದು. ಮೂರನೇದು ಬರಲಿ, ಆಗ ಬಾಯಿ ಬಿಡುತ್ತೇನೆ.

ಫೆಬ್ರವರಿ 21, ಶುಕ್ರವಾರ

ಮೂರನೇದು 11.0.

ಬಾಸ್ ಕೋಣೆಗೆ ಹೋದೆ. “ಸರ್, ಆ ಎರಡು ಗಂಟೆ ವಿಷಯ...” ಎಂದೆ. ಅಷ್ಟೇ ಎಂದದ್ದು.

“ನಾನೇ ನಿಮ್ಮನ್ನ ಕರೆಸಬೇಕು ಅಂತಿದ್ದೆ ಮೇಡಂ! ಮುಂದಿನ ಶುಕ್ರವಾರ ಹೊರಗಿನವರು ಲ್ಯಾಬ್ ನೋಡೋಕೆ ಬರ್ತಿದ್ದಾರೆ. ನಿಮ್ಮ ಎರಡು ಗಂಟೆ ಬಗ್ಗೆ ಆಗಲೇ ಕೊಚ್ಚಿಕೊಂಡಿದ್ದೀನಿ. ಅವರ ಮುಂದೆ ನೀವೇ ಮಾಡಿ ತೋರಿಸಬೇಕು.”

“ಆಗಲಿ ಸರ್” ಎಂದೆ. ಹಲ್ಲು ಗಿಂಜಿದೆ ಕೂಡ.

ಬುಧವಾರದ ರಿಪೋರ್ಟಿಗೂ ಸಹಿ ಹಾಕಿದ್ದೆ, ಇವತ್ತಿನದಕ್ಕೂ ಹಾಕಿದೆ. 6.5. ಗೊತ್ತಿದ್ದೂ ಹಾಕಿದೆ. ಕೆಲಸ ಹೋಗುತ್ತದೆ ಎಂಬ ಭಯ ಅಲ್ಲ. ನಾಚಿಕೆ. ಬರೀ ನಾಚಿಕೆ. ಆ ಗೋಡೆಯ ಮೇಲಿನ ಫ್ರೇಮು ಇಳಿಸುವಾಗ ಗೊಣಗಣ್ಣ ನೋಡುತ್ತಾನಲ್ಲ, ಅದನ್ನು ನೆನೆಸಿಕೊಂಡರೇ ಮೈ ಹಿಡಿಯಾಗುತ್ತದೆ.

ಹೊರಗಿನವರು ಬಂದು ಹೋಗಲಿ. ಆಮೇಲೆ ಮೊದಲ ಕೆಲಸ ಅದೇ.

ಮಾರ್ಚ್ 3, ಸೋಮವಾರ

ಹತ್ತು ದಿನ ಈ ಪುಸ್ತಕ ಮುಟ್ಟಲಿಲ್ಲ. ಬೆಡ್‌ಶೀಟುಗಳ ಕೆಳಗೆ ಇದ್ದಲ್ಲೇ ಇತ್ತು. ಇಲ್ಲಿ ಸುಳ್ಳು ಬರೆಯಲು ಬರುವುದಿಲ್ಲ, ಅದಕ್ಕೆ.

ಹೊರಗಿನವರು ಬಂದರು. ಬಿಳಿ ಕೋಟು ಇಸ್ತ್ರಿ ಮಾಡಿಸಿಕೊಂಡು ಹೋಗಿ ಮಾಡಿ ತೋರಿಸಿದೆ. ಒಬ್ಬಾಕೆ ಕಾಲಂನ ಉಂಗುರ ನೋಡಿ ಕೇಳಿದಳು, “ಇದೇನು?” ನಾನು ಬಾಯಿ ತೆರೆಯುವ ಮೊದಲೇ ಬಾಸ್ ಹೇಳಿದರು, “ಅದು ಮಾಮೂಲಿ.” ಆಕೆ ಬರೆದುಕೊಂಡಳು, ಮಾಮೂಲಿ ಅಂತ.

ತಿಳಿದೂ ಸಹಿ ಹಾಕಿದ ರಿಪೋರ್ಟು ಇವತ್ತಿಗೆ ಆರು.

ಇವರು ಶಿಫ್ಟು ಮುಗಿಸಿ ಬಂದರು. ಮುಖ ಇಳಿದಿತ್ತು. ಕೆಂಪು ಈಗ ಎರಡು ಕೊಳವೆಗೆ ಬಂದಿದೆಯಂತೆ. ಮೂರನೇದು ನಡುವೆ ಉಬ್ಬಿದ ಹಾಗೆ ಕಾಣುತ್ತದಂತೆ. ಶಿಫ್ಟ್ ಇನ್‌ಚಾರ್ಜ್‌ಗೆ ಹೇಳಿದ್ದಾರೆ, ಅವನು ರಿಜಿಸ್ಟರಿನಲ್ಲಿ ಬರೆದು ಮಡಿಸಿಟ್ಟ. ಜೊತೆಗೆ ಪೂರ್ತಿ ಲೋಡು ಸಾಲದೆಂದು ಇನ್ನೂ ಏರಿಸಿದ್ದಾರೆ.

“ಏರಿಸಿದ್ರಾ? ಯಾಕೆ? ಯಾರು ಹೇಳಿದ್ದು? ಕೊಳವೆ ತೆಳ್ಳಗಾಗಿದ್ರೆ? ಮೀಟರು ಬೇರೆ ಕಡೆ ಹಾಕ್ಸೋಕೆ ಆಗಲ್ವಾ?”

“ಏನೇ ಇದು, ಪೊಲೀಸರ ಹಾಗೆ? ನಿನ್ನ ರಿಪೋರ್ಟು ನೋಡೇ ಏರಿಸಿದ್ದು. ಎಣ್ಣೆ ಚೆನ್ನಾಗಿದೆ ಅಂತ ನೀನೇ ಬರ್ಕೊಡ್ತಿದ್ದೀಯಲ್ಲ. ನಾನೂ ಅಜ್ಜನಿಗೆ ಅದೇ ಹೇಳಿದೆ, ಹೆದರಬೇಡ, ನಮ್ಮನೆಯವಳ ಅಂಕಿ ಸುಳ್ಳಾಗಲ್ಲ ಅಂತ.”

ಕೆನ್ನೆಗೆ ಬಾರಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಅಜ್ಜ ಎಂದರೆ ಇವರ ಜೊತೆಯ ಆಪರೇಟರು. ಅಜ್ಜನ ವಯಸ್ಸೇನಲ್ಲ, ಐವತ್ತೆಂಟು. ತಲೆ ಮೂವತ್ತಕ್ಕೇ ನೆರೆತಿತ್ತಂತೆ, ಹೆಸರು ಅಂಟಿಕೊಂಡಿತು.

ಮಾರ್ಚ್ 5, ಬುಧವಾರ

ಒಂದು ಕೆಲಸ ಮಾಡಿದೆ. ಮಾಡಬೇಕಾದ್ದನ್ನಲ್ಲ, ಬೇರೆಯದು.

ಇವರಿಗೆ ಎಡ ಮಂಡಿ ಆಗಾಗ ನೋಯುತ್ತದೆ. ಎರಡು ದಿನದಿಂದ ಅದನ್ನೇ ಹಿಡಿದುಕೊಂಡು ಜಗ್ಗಿದೆ. ಹೀಗೇ ಬಿಟ್ಟರೆ ಕಾಲು ಹೋಗುತ್ತದೆ, ಗೆಳತಿಯ ಗಂಡನಿಗೆ ಹಾಗೇ ಆಯಿತು, ಮಗಳಿಗೆ ಇನ್ನೂ ಹದಿನಾಲ್ಕು — ಬಾಯಿಗೆ ಬಂದದ್ದೆಲ್ಲ ಹೇಳಿದೆ. ಗೆಳತಿಯ ಗಂಡ ಗುಂಡುಕಲ್ಲಿನ ಹಾಗಿದ್ದಾನೆ. ಕಂಪನಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ನಾನೇ ಮಾತಾಡಿದೆ. ಡಾಕ್ಟರು ಇವರ ಕಡೆ ನೋಡಿ, “ಮನೆಯವರು ಇಷ್ಟು ಹೇಳ್ತಿದ್ದಾರೆ, ಐದು ದಿನ ರೆಸ್ಟ್ ತಗೊಂಡುಬಿಡಿ” ಎಂದರು.

ಗುರುವಾರದಿಂದ ಸೋಮವಾರದವರೆಗೆ ರಜೆ.

“ನಿನ್ನ ಕಾಟಕ್ಕಾದರೂ ಮಲಗಬೇಕು” ಎಂದರು ಇವರು. ಒಳಗೊಳಗೆ ಖುಷಿ ಅವರಿಗೆ, ಹೆಂಡತಿಗೆ ತನ್ನ ಮೇಲೆ ಇಷ್ಟು ಕಾಳಜಿ ಅಂತ.

ಸಂಜೆ ನೆಮ್ಮದಿಯಾಗಿತ್ತು. ಇಷ್ಟು ದಿನದ ಮೇಲೆ ಹೊಟ್ಟೆ ತುಂಬಾ ಊಟ ಮಾಡಿದೆ. ಇದನ್ನೂ ಬರೆದಿಡುತ್ತೇನೆ.

ಇವರ ಬದಲಿಗೆ ಅಜ್ಜನೇ ಫರ್ನೇಸಿನ ಎರಡೂ ಕಡೆ ನೋಡಿಕೊಳ್ಳುತ್ತಾನಂತೆ.

ಮಾರ್ಚ್ 7, ಶುಕ್ರವಾರ

ಅಜ್ಜ ಮನೆಗೆ ಬಂದಿದ್ದ. ಶಿಫ್ಟು ಮುಗಿಸಿ ನೇರ, ಕೈಯಲ್ಲಿ ಹಣ್ಣಿನ ಕವರು.

“ಎಲ್ಲಿ ನಮ್ಮ ಕುಂಟ ಮಹಾರಾಜರು? ನಿಮ್ಮ ಕುರ್ಚಿ ಬೆಚ್ಚಗೆ ಇಟ್ಟಿದ್ದೀನಿ ಸ್ವಾಮಿ, ಯೋಚನೆ ಮಾಡಬೇಡಿ.”

ಎಡಗಣ್ಣಿನ ಹುಬ್ಬು ಅರ್ಧ ಇರಲಿಲ್ಲ. ನಾನು ನೋಡುತ್ತಿರುವುದನ್ನು ನೋಡಿ ನಕ್ಕ.

“ನಿನ್ನೆ ಕಿಂಡಿ ತೆಗೆದೆ ನೋಡಿ, ಭಗ್ ಅಂತ ಮುಖಕ್ಕೆ ಬಂತು. ನನ್ನ ಮುಖ ನೋಡಿ ಹೆಂಡತಿ ಕೇಳ್ತಾಳೆ, ಈ ವಯಸ್ಸಲ್ಲಿ ಇದೇನು ಹೊಸ ಫ್ಯಾಷನ್ನು ಅಂತ.”

ಮಗಳು ನಕ್ಕಳು. ಇವರು ನಗಲಿಲ್ಲ.

“ಮೂರನೇದು ಹೇಗಿದೆ ಅಜ್ಜ?”

“ಹಾಗೇ ಇದೆ. ಉಬ್ಬು ಒಂಚೂರು ಜಾಸ್ತಿ. ನೀವು ಹೇಳಿದ ಹಾಗೆ ಗಂಟೆಗೆ ಎರಡು ಸಲ ಇಣುಕ್ತಿದ್ದೀನಿ.” ಆಮೇಲೆ ನನ್ನ ಕಡೆ ತಿರುಗಿದ. “ನಿಮ್ಮ ಲ್ಯಾಬಿದೆ ಅನ್ನೋ ಧೈರ್ಯ ಅಮ್ಮಾ. ಎಣ್ಣೆ ಸರಿ ಇದೆ ಅಂದಮೇಲೆ ಕೊಳವೆದು ಏನೋ ಹಳೇ ರೋಗ ಇರಬೇಕು. ಅಲ್ವಾ?”

ಅಲ್ವಾ ಎಂದು ಕೇಳಿದ. ನಾನು ಟೀ ತರುತ್ತೇನೆ ಎಂದು ಎದ್ದು ಒಳಗೆ ಹೋದೆ. ಒಲೆ ಹಚ್ಚದೆ ನಿಂತಿದ್ದೆ. ಮಗಳು ಬಂದು ಹಚ್ಚಿದಳು.

ಇವತ್ತಿನ ರಿಪೋರ್ಟು 6.6. ಎಂಟನೇ ಸಹಿ.

ಮಾರ್ಚ್ 8, ಶನಿವಾರ

ಲ್ಯಾಬಿಗೆ ರಜೆ. ಆದರೂ ಹೋದೆ. ನಾಲ್ಕು ತಿಂಗಳ ಡಬ್ಬಗಳಲ್ಲಿ ಉಳಿದಿದ್ದ ಆರನ್ನು ನಿನ್ನೆ ಮಧ್ಯಾಹ್ನವೇ ಕುದಿಸಿ ಕಪಾಟಿನಲ್ಲಿಟ್ಟು ಬಂದಿದ್ದೆ, ಗೊಣಗಣ್ಣನಿಗೆ ಸ್ವಂತ ಪ್ರಾಕ್ಟೀಸು ಎಂದು ಹೇಳಿ. ಸೋಸಿ ತೂಗಿದೆ. ಹತ್ತಕ್ಕಿಂತ ಕಡಿಮೆ ಒಂದೂ ಇಲ್ಲ. ಒಂದು ಹನ್ನೆರಡು.

ಈ ಸಲ ಕೂಡಿಸಿದರೆ ನೂರು ಬರುತ್ತದೆ ಎಂದು ನೋಡದೆಯೇ ಗೊತ್ತು.

ಸರಿಯಾದ ರಿಪೋರ್ಟು ಟೈಪು ಮಾಡಿದೆ. ಒಂದೇ ಪುಟ. ‘ವಿಧಾನದ ದೋಷ’ ಎಂದು ಬರೆದೆ. ಅಳಿಸಿದೆ. ‘ನನ್ನ ದೋಷ’ ಎಂದು ಬರೆದೆ. ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದೇನೆ. ಬಾಸ್ ಸೋಮವಾರ ಬರುತ್ತಾರೆ. ಸೋಮವಾರ ಬೆಳಿಗ್ಗೆ ಮೊದಲು ಅದೇ.

ಸೋಮವಾರ, ಸೋಮವಾರ... ಎಷ್ಟು ಸೋಮವಾರ ಆಯಿತು?

ಮಗಳು ಕೇಳಿದಳು, “ಅಮ್ಮ, ನೀನು ಯಾಕೆ ಯಾರ ಮುಖಾನೂ ನೋಡ್ತಿಲ್ಲ?”

ಮಾರ್ಚ್ 9, ಭಾನುವಾರ, ಬೆಳಿಗ್ಗೆ 7.20

ಹೇಳಿಬಿಟ್ಟೆ.

ಇವರು ಕಾಲು ಚಾಚಿಕೊಂಡು ಪೇಪರು ಓದುತ್ತಿದ್ದರು. ಎದುರಿಗೆ ಕೂತೆ.

“ರೀ, ನಿಮ್ಮ ಮಂಡಿಗೆ ಏನೂ ಆಗಿಲ್ಲ.”

“ಅದನ್ನೇ ಅಲ್ವಾ ನಾನು ಬುಧವಾರದಿಂದ ಬಡ್ಕೊಳ್ತಿರೋದು?”

ರಿಪೋರ್ಟು ಕೈಗೆ ಕೊಟ್ಟೆ. ಓದಿದರು. ಇನ್ನೊಂದು ಸಲ ಓದಿದರು. ಹನ್ನೊಂದು ಎಂದರೆ ಏನು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

“ಯಾವತ್ತಿಂದ ಗೊತ್ತು?”

“ಮೂರು ವಾರ.”

ಪೇಪರು ಮಡಿಸಿದರು. ನೀಟಾಗಿ ನಾಲ್ಕು ಮಡಿಕೆ. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಅದಕ್ಕೇನಾ ನನ್ನ ಮನೇಲಿ ಕೂರಿಸಿದ್ದು?”

ತಲೆಯಾಡಿಸಿದೆ.

“ಮತ್ತೆ ಅಜ್ಜ? ಪಾಪ, ಅವನ ಹೆಂಡತಿಗೆ ಲ್ಯಾಬಲ್ಲಿ ಕೆಲಸ ಇಲ್ಲ, ಅಲ್ವಾ?”

ಹತ್ತೊಂಬತ್ತು ವರ್ಷದಲ್ಲಿ ಇವರು ನನ್ನನ್ನು ಹೀಗೆ ನೋಡಿದ್ದಿಲ್ಲ. ಅಪರಿಚಿತಳನ್ನು ನೋಡುವ ಹಾಗೆ ನೋಡಿದರು. “ನಿಮ್ಮ ಬಾಸ್‌ಗೆ ಈಗಲೇ ಫೋನ್ ಮಾಡು” ಎಂದು ಹೇಳಿ ಬೂಟು ಹುಡುಕಲು ಹೋದರು.

8.05

ಬಾಸ್‌ಗೆ ಹೇಳಿದೆ. ಮೊದಲು “ಸೋಮವಾರ ಕೂತು ನೋಡೋಣ ಮೇಡಂ” ಎಂದರು. ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಮಾತೇ ಅದು. ಮೂರನೇ ಕೊಳವೆ ಉಬ್ಬಿದೆ ಎಂದೆ. ಸರಿಯಾದ ಅಂಕಿ ಹನ್ನೊಂದು ಎಂದೆ. ತಪ್ಪು ನನ್ನದು, ಎಂಟು ಸಲ ಗೊತ್ತಿದ್ದೂ ಸಹಿ ಹಾಕಿದ್ದೇನೆ ಎಂದೆ. ಸಣ್ಣ ಧ್ವನಿಯಲ್ಲಿ ಹೇಳಿದರು, “ಬರವಣಿಗೆಯಲ್ಲಿ ಕಳಿಸಿ. ಎಲ್ಲರಿಗೂ ಕಳಿಸಿ. ಈಗಲೇ.”

ಕಳಿಸಿದೆ. ಗೊಣಗಣ್ಣನಿಗೂ.

ಇಷ್ಟೇನಾ? ಇಷ್ಟಕ್ಕೇನಾ ಮೂರು ವಾರ?

9.00

ಫರ್ನೇಸು ಆರಿಸುವುದು ಎಂದು ತೀರ್ಮಾನವಾಗಿದೆ. ಒಂದೇಟಿಗೆ ಆರಿಸುವ ಹಾಗಿಲ್ಲವಂತೆ. ಹನ್ನೆರಡು ಬರ್ನರು. ಒಂದೊಂದಾಗಿ, ಬಿಟ್ಟು ಬಿಟ್ಟು, ಹತ್ತಿರ ನಿಂತು ಕೈಯಲ್ಲೇ ಆರಿಸಬೇಕು. ಕಾದು ಉಬ್ಬಿದ ಕೊಳವೆ ತಣಿಯುವಾಗ ಕುಗ್ಗುತ್ತದೆ. ತೆಳ್ಳಗಾಗಿದ್ದರೆ ಆಗಲೇ ಬಾಯಿ ಬಿಡುವುದು. ಇದನ್ನು ಬೂಟಿನ ದಾರ ಕಟ್ಟುತ್ತಾ ಇವರೇ ಹೇಳಿದರು, ಯಾರಿಗೋ ಪಾಠ ಹೇಳುವ ಹಾಗೆ.

“ನೀವು ರಜೆಯಲ್ಲಿದ್ದೀರಿ. ಗೇಟಲ್ಲೇ ಬಿಡಲ್ಲ.”

“ಬಿಡ್ತಾರೆ.”

“ಬೇರೆ ಯಾರಾದರೂ...”

“ಬೇರೆ ಯಾರು? ಹೇಳು. ಯಾರ ಮನೆಯವರನ್ನ ಕಳಿಸೋಣ?”

ಬಾಗಿಲಿಗೆ ಅಡ್ಡ ನಿಂತೆ. ಕೈ ಹಿಡಿದುಕೊಂಡೆ. ಮಗಳ ಎದುರೇ ಅತ್ತೆ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಒರಟಾಗಿ ಅಲ್ಲ. ಹೋದರು. ನಿಜ ಹೇಳಿದ್ದರಿಂದಲೇ ಇವತ್ತು ಅಲ್ಲಿ ಇವರು ನಿಲ್ಲುವ ಹಾಗಾಯಿತು. ಮೂರು ವಾರದ ಮುಂಚೆ ಹೇಳಿದ್ದರೆ ಬರೀ ಒಂದು ಮಾಮೂಲಿ ರಿಪೇರಿ.

10.15

ಕಂಟ್ರೋಲ್ ರೂಮಿನಿಂದ ಇವರು ಫೋನ್ ಮಾಡಿದ್ದರು. ಒಳಗೆ ಮೊಬೈಲ್ ಒಯ್ಯುವಂತಿಲ್ಲ.

“ಐದು ಆಯ್ತು. ಏಳು ಬಾಕಿ. ನೀರು ಕುಡಿಯೋಕೆ ಬಂದೆ.”

“ಅಜ್ಜ?”

“ಇದ್ದಾನೆ. ನನ್ನ ನೋಡಿ ಬಾಯ್ತುಂಬ ಬೈದ, ಕುಂಟ ಯಾಕೆ ಬಂದೆ ಅಂತ.”

“ಅವನಿಗೆ ಹೇಳಿದ್ರಾ?... ನನ್ನ ವಿಷಯ.”

ಹಿಂದೆ ಯಾರೋ ಕೂಗುತ್ತಿದ್ದುದು ಕೇಳಿಸಿತು.

“ಅದನ್ನ ನೀನೇ ಹೇಳು. ಸಂಜೆ ಕರ್ಕೊಂಡು ಬರ್ತೀನಿ. ಎದುರಿಗೆ ಕೂತು ಹೇಳು.”

ಹೇಳುತ್ತೇನೆ ಎಂದೆ. ಇವರು ಸಂಜೆ ಎಂದರಲ್ಲ, ಆ ಒಂದು ಮಾತು ಹಿಡಿದುಕೊಂಡು ಕೂತಿದ್ದೇನೆ. ಕ್ಷಮಿಸುವುದು ಬೇಡ. ಮಾತೂ ಆಡುವುದು ಬೇಡ. ಬರಲಿ ಸಾಕು.

10.50

ಮಗಳು ಟೆರೇಸಿನಲ್ಲಿದ್ದಾಳೆ. ಅಲ್ಲಿಂದ ಫರ್ನೇಸಿನ ಚಿಮಣಿ ಕಾಣುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕೂಗಿ ಹೇಳುತ್ತಿದ್ದಾಳೆ.

“ಬಿಳೀ ಹೊಗೆ ಅಮ್ಮ. ಸ್ವಲ್ಪ ಸ್ವಲ್ಪ.”

ಒಳ್ಳೆಯದು. ಎಂಟು ಆರಿರಬೇಕು ಈ ಹೊತ್ತಿಗೆ. ಅಥವಾ ಒಂಬತ್ತು. ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

11.05

“ಅಮ್ಮಾ, ಈಗ ಕಪ್ಪು.”

ಮೇಲೆ ಓಡಿದೆ. ಚಿಮಣಿಯ ಬಾಯಿ ತುಂಬ ದಟ್ಟ ಕಪ್ಪು, ಸುರುಳಿ ಸುರುಳಿ. ಬೆಂಕಿಗೆ ಎಣ್ಣೆ ಬಿದ್ದರೆ ಮಾತ್ರ ಹಾಗೆ ಬರುತ್ತದೆ. ಒಳಗೆ ಕೊಳವೆ ಒಡೆದಿದೆ. “ಏನಮ್ಮ ಅದು?” ಎಂದು ಮಗಳು ಕೇಳಿದಳು. ಏನೂ ಇಲ್ಲ ಎಂದೆ. ಇನ್ನೂ ಏನೂ ಇಲ್ಲ ಎನ್ನುತ್ತಿದ್ದೇನೆ ನೋಡು, ಇಷ್ಟಾದ ಮೇಲೂ.

ಕಂಟ್ರೋಲ್ ರೂಮಿಗೆ ನಾಲ್ಕು ಸಲ ಮಾಡಿದೆ. ಎಂಗೇಜ್.

ಸೈರನ್ನು. ಒಂದೇ ಸಮ.

11.20

ಸೈರನ್ನು ನಿಂತಿತು. ಹೊಗೆ ನಿಂತಿಲ್ಲ.

11.40

ಫೋನು ಬರುತ್ತಿದೆ. ಕಂಟ್ರೋಲ್ ರೂಮಿನ ನಂಬರೇ. ಇವರೇ ಇರಬೇಕು. ಇವರೇ. ನಾನು ಏಳುವ ಮೊದಲೇ ಮಗಳು ಎತ್ತಿಕೊಂಡಳು.

“ಅಪ್ಪಾ?” ಎಂದಳು.

ಆಮೇಲೆ, “ಹೇಳಿ ಅಜ್ಜ” ಎಂದಳು.

ಈಗ ಬರೀ ಕೇಳಿಸಿಕೊಳ್ಳುತ್ತಿದ್ದಾಳೆ. ಫೋನನ್ನು ನನ್ನ ಕಡೆ ಚಾಚಿದ್ದಾಳೆ. “ಅಪ್ಪನ ವಿಷಯ ನಿನಗೇ ಹೇಳ್ಬೇಕಂತೆ.”